ತಿದ್ದಬಹುದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಕೋಣೆಯಲ್ಲಿ
ನನಗೊಂದು ಮೇಜು ಕೊಟ್ಟರು, ಕುಂಟುವ ಫ್ಯಾನು,
ಇಪ್ಪತ್ತೆರಡು ಹಾಳೆಯ ಬೇಡಿಕೆ ಪಟ್ಟಿ.
ಹೊಸ ತಂತ್ರಾಂಶದಲ್ಲಿ ಯಾರು ಏನನ್ನು ಮುಟ್ಟಬಹುದು,
ಯಾರು ಬರೀ ನೋಡಬಹುದು, ಯಾರು ಬಾಗಿಲಾಚೆಯೇ ನಿಲ್ಲಬೇಕು,
ಎಲ್ಲವನ್ನೂ ಈ ಹಾಳೆಗಳೊಳಗಿಂದಲೇ ಹೆಕ್ಕಿ ತೆಗೆಯಬೇಕು.
ಗೂಡಿನಿಂದ ಎಳೆ ತೆಗೆದ ಹಾಗೆ, ಅಂದರು ಸಾಹೇಬರು.
ಅವರು ಬಿಸಿನೀರಿಗೆ ಕೈ ಇಟ್ಟವರಲ್ಲ.

ಏಳನೇ ಹಾಳೆ, ಮೂರನೇ ಸಾಲು:
"ಅಗತ್ಯವಿದ್ದಲ್ಲಿ ತೂಕವನ್ನು ತಿದ್ದಬಹುದು."
ಸಂಪಂಗಿ ಮೇಷ್ಟ್ರು ಬೆರಳು ಮಡಿಸಿ ಕೇಳುತ್ತಿದ್ದರು:
ಕರ್ತೃ ಎಲ್ಲಿ? ಕರ್ಮ ಎಲ್ಲಿ?
ಕರ್ಮ ಇದೆ ಸಾರ್, ದ್ವಿತೀಯಾ ವಿಭಕ್ತಿ ಸಮೇತ.
ಕರ್ತೃ ಟೀ ಕುಡಿಯಲು ಹೋಗಿದ್ದಾನೆ.
ಹೋಗಿದ್ದಾನೋ, ಹೋಗಿದ್ದಾಳೋ, ಹೋಗಿದ್ದಾರೋ
'ಬಹುದು' ಹೇಳುವುದಿಲ್ಲ.
'ಬೇಕು', 'ಕೂಡದು' ಅವೂ ಹೇಳುವುದಿಲ್ಲ.
ನಮ್ಮ ನುಡಿಯಲ್ಲಿ ಅಪ್ಪಣೆಗೆ ಲಿಂಗವಿಲ್ಲ, ವಚನವಿಲ್ಲ,
ಬಾಯಿ ಮಾತ್ರ ಇದೆ.

ಕೇಳಿಕೊಂಡು ಹೊರಟೆ.
ತೂಕದ ಬಚ್ಚಣ್ಣ: "ನಾನಲ್ಲಮ್ಮ, ಕೌಂಟರಿನೋರು."
ಕೌಂಟರಿನ ವನಜಾಕ್ಷಿ: "ಮೇಲಿನಿಂದ ಹೇಳಿದ್ರೆ ಮಾತ್ರ."
ಮೇಲೆ ನೋಡಿದೆ. ತಗಡಿನ ಸೂರು, ಎರಡು ಪಾರಿವಾಳ.
ರೀಲರ್ ಫಯಾಜ್ ಸಾಬರು ಬೀಡಿ ಆರಿಸಿ,
"ಎಲ್ಲಾ ನಮ್ಮೋರೇ ಅಲ್ವಾ ಮೇಡಂ, ಬೀಗ ಯಾಕೆ?"
ನಮ್ಮೋರು.
ಬರೆದುಕೊಂಡೆ. ಹೊಡೆದು ಹಾಕಿದೆ.
ಕೋಷ್ಟಕದಲ್ಲಿ ಆ ಪದಕ್ಕೊಂದು ಮನೆ ಕೊಟ್ಟರೆ
ಇಡೀ ಊರು ಚಪ್ಪಲಿ ಸಮೇತ ಒಳಗೆ ಬರುತ್ತದೆ.
ಪಾಸ್‌ವರ್ಡು ತಕ್ಕಡಿಯ ಅಡಿಯಲ್ಲೇ ಸಿಕ್ಕಿತು,
ಕ್ಯಾಲೆಂಡರಿನ ಹರಿದ ಚೂರಿನಲ್ಲಿ, ಏಳು ಜನಕ್ಕೆ ಒಂದೇ.

ಜಾಲರಿಗಳ ಸಾಲಿನ ಕೊನೆಗೆ ಚೀಮಂಗಲದ ದ್ಯಾವಮ್ಮ,
ಕೈಯಲ್ಲಿ ಮಡಿಸಿ ಮಡಿಸಿ ಬಟ್ಟೆಯಾದ ಚೀಟಿ.
"ಬೆಳಗ್ಗೆ ನಲವತ್ತೊಂದೂವರೆ ಇತ್ತು ಅಮ್ಮಣ್ಣಿ,
ಬಿಲ್ಲಲ್ಲಿ ನಲವತ್ತೊಂದು.
ಅರ್ಧ ಕೇಜಿ ಗೂಡು ಎದ್ದು ಎಲ್ಲಿಗೋಯ್ತು? ಚಿಟ್ಟೆ ಆಯ್ತಾ?"

ಈ ವಾಕ್ಯದಲ್ಲಿ ಕರ್ತೃ ಇತ್ತು.
ಅರ್ಧ ಕೇಜಿ ಗೂಡು.

ಆ ರಾತ್ರಿ ಬರೆದೆ:
ತೂಗಿದವರು ತಿದ್ದಕೂಡದು.
ತಿದ್ದಿದವರು ಹರಾಜಿನಲ್ಲಿ ಬೆಲೆ ಕೂಗಕೂಡದು.
ತಿದ್ದುವುದಕ್ಕೆ ಇಬ್ಬರ ಹೆಬ್ಬೆಟ್ಟು; ಹಳೆಯ ಅಂಕಿ ಅಳಿಯದೆ
ಪಕ್ಕದಲ್ಲೇ ಕೂತಿರಲಿ, ಮುನಿಸಿಕೊಂಡ ನೆಂಟನ ಹಾಗೆ.
ಗೂಡು ತಂದವರು ತಮ್ಮ ಲಾಟಿನ ಎರಡೂ ಅಂಕಿ ನೋಡಬಹುದು,
ಮತ್ತೊಬ್ಬರದ್ದಲ್ಲ.
ಬರೆಯದೆ ಬಿಟ್ಟದ್ದು ಏನಿದೆಯೋ, ಅದೆಲ್ಲ ಇಲ್ಲ.

ಈ ಕೊನೆಯ ಸಾಲಿಗೆ ಕೈ ತಡೆಯಿತು.
ಕಾವಲಿನ ನಾರೆಪ್ಪನ ಹೆಸರು ಯಾವ ಹಾಳೆಯಲ್ಲೂ ಇಲ್ಲ.
ರಾತ್ರಿ ಎರಡಕ್ಕೆ ಗಾಡಿ ಬಂದರೆ,
ಮೂಟೆಯೊಳಗೆ ಗೂಡು ಬೆವರುತ್ತಿದ್ದರೆ,
ಬಾಗಿಲು ತೆಗೆಯುವವನು ಅವನೇ.
ಅವನಿಗೊಂದು ಸಾಲು ಹಾಕಿದೆ: ತೆಗೆಯಬಹುದು,
ಯಾರಿಗೆ, ಎಷ್ಟೊತ್ತಿಗೆ, ಬೆಳಗ್ಗೆ ಹೇಳಬೇಕು.
"ಈಗ್ಲೂ ಹೇಳ್ತೀನಮ್ಮ," ಅಂದ, "ಕೇಳೋರೇ ಇಲ್ಲ."
ಕೇಳಬೇಕಾದವರಿಗೂ ಒಂದು ಸಾಲು ಹಾಕಿದೆ.

ಉಳಿದದ್ದು ನಾನು.
ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ,
ಹೌದು ಹೌದು ಹೌದು ಎಂದು ಉದ್ದಕ್ಕೂ.
ಮೂರು ದಿನ ಅದನ್ನು ನೋಡಿಯೂ ನೋಡದ ಹಾಗೆ ಕೂತೆ.
ಆಮೇಲೆ ಅಳಿಸಿದೆ.

ತಿಂಗಳು ಕಳೆದು ಹೋಗಿದ್ದೆ, ಸುಮ್ಮನೆ,
ದ್ಯಾವಮ್ಮನ ತೂಕ ನೋಡುವ ಚಪಲ.
ಪರದೆ ನನಗೆ ಮುಖ ತಿರುಗಿಸಿತು: ಅನುಮತಿಯಿಲ್ಲ.
ಪಕ್ಕದಲ್ಲಿ ಅವಳು ಹೆಬ್ಬೆಟ್ಟು ಒತ್ತಿ, ನೋಡಿ,
ಕಿಸಕ್ಕನೆ ನಕ್ಕು, ಅಂಗೈಯಿಂದ ಅಂಕಿ ಮುಚ್ಚಿಕೊಂಡಳು.
"ನೀನೇ ಬರ್ದಿದ್ದಲ್ಲ ಅಮ್ಮಣ್ಣಿ.
ಎಷ್ಟಂತ ನಾನು ಹೇಳ್ಬೌದು.
ಹೇಳಲ್ಲ ಹೋಗು."